ಹೊಡೆದವನ ಪಾಲು

ಇದನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬೇಟೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಕೋವಿಯನ್ನು ಈ ಕೈಯಲ್ಲಿ ಮುಟ್ಟಿದವಳೂ ಅಲ್ಲ. ಇದರಲ್ಲಿ ಬರುವವರು ನನ್ನ ತಂದೆ ಮತ್ತು ನನ್ನ ಅಣ್ಣ. ಅಣ್ಣನ ಬಗ್ಗೆ ಒಳ್ಳೆಯ ಮಾತು ಹೆಚ್ಚು ಬರುವುದಿಲ್ಲ. ಅದು ಬರೀ ಹೊಟ್ಟೆಕಿಚ್ಚೇನೋ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸ್ವಲ್ಪ ಇರಬಹುದು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆ ಮಾತುಗಳನ್ನು ಇಲ್ಲಿ ನಮ್ಮ ಕಾರ್ಕಳ ಕಡೆಯ ಕನ್ನಡಕ್ಕೆ ತಂದಿದ್ದೇನೆ. ತಪ್ಪಿದ್ದರೆ ಅದೂ ನನ್ನದೇ.

ಅಣ್ಣ ವಿಲ್ಸನ್‌ಗೆ ಲಂಡನ್ನಿನ ಹ್ಯಾರೋದಲ್ಲಿ ನಾಲ್ಕು ಕೋಣೆಯ ಮನೆ, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಹುದ್ದೆ. ಪಪ್ಪ ಇರುವುದು ಗ್ರೀನ್‌ಫರ್ಡ್‌ನಲ್ಲಿ, ನನ್ನ ಫ್ಲಾಟಿನಲ್ಲಿ. ಇದಕ್ಕೆ ಅಣ್ಣ ಕೊಡುವ ಕಾರಣ ಅವನ ಮನೆಯ ಮೆಟ್ಟಿಲು. ನನ್ನ ಫ್ಲಾಟು ಮೂರನೆಯ ಮಹಡಿಯಲ್ಲಿದೆ, ಲಿಫ್ಟು ಆಗಾಗ ಕೆಡುತ್ತದೆ. ಅವನಿಗೆ ಅದು ಗೊತ್ತಿಲ್ಲ, ಏಕೆಂದರೆ ಅವನು ಕೆಳಗೆ ಕಾರಿನಲ್ಲಿ ಕುಳಿತೇ ಫೋನ್ ಮಾಡುತ್ತಾನೆ.

ಅವನ ಆಫೀಸಿನಲ್ಲಿ ಯಾರೋ ಒಬ್ಬ ಸ್ವೀಡನ್‌ಗೆ ಹೋಗಿ, ಗೈಡ್ ಇಟ್ಟುಕೊಂಡು, ಎಲ್ಕ್ ಹೊಡೆದು ಬಂದಿದ್ದನಂತೆ. ಎಲ್ಕ್ ಎಂದರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ, ಅದರ ಕೊಂಬು ಅಗಲವಾದ ಹಲಗೆಯ ಹಾಗೆ. ಆ ಫೋಟೋ ನೋಡಿದ ದಿನದಿಂದ ಅಣ್ಣನಿಗೆ ಒಂದು ಎಲ್ಕ್ ಬೇಕೇ ಬೇಕಾಯಿತು. ತನ್ನ ತಂದೆ ಊರಿನಲ್ಲಿ ಶಿಕಾರಿಯಾಗಿದ್ದರು ಎಂದು ಅವನು ಅಲ್ಲಿ ಹೇಳಿಕೊಂಡಿದ್ದನೆಂದು ಕಾಣುತ್ತದೆ. ಹಾಗಾಗಿ ಎಂಬತ್ತೊಂದು ವರ್ಷದ ಪಪ್ಪನನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಪಪ್ಪನ ಹೃದಯದ ಕಾಯಿಲೆಯ ವಿಷಯ ಕೇಳಿ ಇನ್ಶೂರೆನ್ಸಿನವರು ಆಗುವುದಿಲ್ಲ ಎಂದರು. ಅಣ್ಣ ಬಿಡಲಿಲ್ಲ. ಎನ್‌ಫೀಲ್ಡ್ ಆಚೆ, ಲಂಡನ್ ಮುಗಿಯುವಲ್ಲಿ, ಹೆದ್ದಾರಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಒಂದು ಖಾಸಗಿ ಕಾಡನ್ನು ಹುಡುಕಿ ತೆಗೆದ. ಅಲ್ಲಿ ಫ್ಯಾಲೋ ಎಂಬ ಜಿಂಕೆ ಸಿಗುತ್ತದೆ.

"ಅದರ ಕೊಂಬೂ ಹಲಗೆಯ ಹಾಗೇ ಉಂಟು. ಫೋಟೋದಲ್ಲಿ ಎಲ್ಕ್ ಅಂತಲೇ ಕಾಣ್ತದೆ" ಎಂದ.

"ಗಾತ್ರ?" ಎಂದು ಕೇಳಿದೆ.

"ಗಾತ್ರ ಫೋಟೋದಲ್ಲಿ ಯಾರಿಗೆ ಗೊತ್ತಾಗ್ತದೆ ಸಿಸಿಲ್? ಹತ್ತಿರದಿಂದ ತೆಗೆದರಾಯ್ತು."

ಪಪ್ಪ ಒಪ್ಪಲಾರರು ಎಂದುಕೊಂಡಿದ್ದೆ. ಒಪ್ಪಿದರು. ಯಾಕೆಂದು ನನಗೆ ಆಮೇಲೆ ತಿಳಿಯಿತು. ಅವರಿಗೆ ಹೊಡೆಯುವ ಆಸೆ ಇರಲಿಲ್ಲ, ಪಾಲು ಹಾಕುವ ಆಸೆ ಇತ್ತು.

ಊರಿನಲ್ಲಿ ಗದ್ದೆಗೆ ನುಗ್ಗುವ ಹಂದಿ ಹೊಡೆಯುತ್ತಿದ್ದ ಕಾಲದಲ್ಲಿ ಪಪ್ಪ ಒಳ್ಳೆಯ ಗುರಿಕಾರ ಎಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಪ್ರಾಣಿ ಬಿದ್ದ ಮೇಲೆ ಎಲ್ಲರೂ "ಫ್ರಾನ್ಸಿಸ್ ಪರ್ಬುಗಳನ್ನು ಕರೆಯಿರಿ" ಎಂದು ಪಪ್ಪನನ್ನೇ ಕರೆಸುತ್ತಿದ್ದರು. ಕೋವಿಯ ಯಜಮಾನನಿಗೆ, ನಾಯಿಗಳಿಗೆ, ಸೊಪ್ಪು ಬಡಿದು ಓಡಿಸಿದವರಿಗೆ, ಪ್ರಾಣಿ ಬಿದ್ದ ಜಾಗದ ಒಡೆಯನಿಗೆ, ಸುಮ್ಮನೆ ಜೊತೆಗೆ ಹೋದವನಿಗೂ ಒಂದೊಂದು ಪಾಲು. ತಲೆ ಮತ್ತು ಒಂದು ಮುಂಗಾಲು ಹೊಡೆದವನಿಗೆ. ಚೂರಿ ಇಡುವ ಮೊದಲು ಹೊಡೆದವನ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೆಸರು ಸುಳ್ಳಾದರೆ ಪಾಲೇ ಕೆಟ್ಟಿತು ಎಂದು ಲೆಕ್ಕ. ಒಮ್ಮೆ ಸುಳ್ಳು ಹೆಸರು ಹೇಳಿದವನನ್ನು ಮತ್ತೆ ಯಾರೂ ಪಾಲು ಹಾಕುವ ಎಲೆಯ ಮುಂದೆ ಕೂರಿಸುವುದಿಲ್ಲ. ಪಪ್ಪನ ಪಾಲಿನ ಬಗ್ಗೆ ಬಂಟರಾಗಲಿ ನಮ್ಮವರಾಗಲಿ ಒಮ್ಮೆಯೂ ತಕರಾರು ತೆಗೆದಿರಲಿಲ್ಲ. ಅವರು ಬದುಕಿನಲ್ಲಿ ಹೆಮ್ಮೆ ಪಡುತ್ತಿದ್ದುದು ಇದೊಂದಕ್ಕೇ ಎಂದು ನನಗನ್ನಿಸುತ್ತದೆ. ಇಲ್ಲಿಗೆ ಬಂದ ಮೇಲೆ ಅವರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಜಿಪಿ, ಎಂದರೆ ಇಲ್ಲಿಯ ಮಾಮೂಲಿ ಡಾಕ್ಟರ ಹತ್ತಿರ ಕೂಡ ಅವರ ಪರವಾಗಿ ನಾನೇ ಮಾತಾಡುತ್ತೇನೆ.

ಹಾಗಾಗಿ ಅವರು ಊರೆಲ್ಲ ಹೇಳಿಬಿಟ್ಟರು. ಇಗರ್ಜಿಯಲ್ಲಿ ಸಿಗುವ ಮಂಗಳೂರಿನವರಿಗೆ, ಪಾರ್ಕಿನಲ್ಲಿ ಜೊತೆಗೆ ನಡೆಯುವ ಮೈಸೂರಿನ ನರಸಿಂಹಮೂರ್ತಿಗಳಿಗೆ, ಎಲ್ಲರಿಗೂ ಭಾನುವಾರ ಮಧ್ಯಾಹ್ನ ಮಗ ವಿಲ್ಲಿಯ ಮನೆಗೆ ಬನ್ನಿ, ಪಾಲು ಉಂಟು ಎಂದರು. ನರಸಿಂಹಮೂರ್ತಿಗಳು ಈರುಳ್ಳಿಯನ್ನೂ ತಿನ್ನದವರು.

"ನನಗೆ ಪಾಲು ಬೇಡ ಸ್ವಾಮಿ, ಜಗಳ ಆದ್ರೆ ನೋಡೋಕ್ ಬರ್ತೀನಿ" ಎಂದರಂತೆ.

ಭಾನುವಾರ ಬೆಳಗಾಗುವ ಹೊತ್ತಿಗೆ ನಾವು ಮೂವರೂ ಆ ಕಾಡಿನ ಗೇಟಿನಲ್ಲಿದ್ದೆವು. ಪಪ್ಪನ ಮಾತ್ರೆ, ಫ್ಲಾಸ್ಕು, ಇನ್ನೊಂದು ಸ್ವೆಟರು ಹೊತ್ತುಕೊಳ್ಳಲು ನಾನು. ಅಣ್ಣ ತಲೆಯಿಂದ ಕಾಲಿನವರೆಗೆ ಟ್ವೀಡ್ ಎಂಬ ಒರಟು ಉಣ್ಣೆಯ ಹೊಸ ಬಟ್ಟೆ ಹಾಕಿದ್ದ, ಮೊಣಕಾಲಿನ ಕೆಳಗೆ ಉದ್ದ ಕಾಲುಚೀಲ, ಅದಕ್ಕೆ ಕೆಂಪು ಕುಚ್ಚು. ಮದುವೆ ಬ್ಯಾಂಡಿನವರಿಗೂ ಇಷ್ಟು ಧೈರ್ಯ ಇರುವುದಿಲ್ಲ. ಪಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಎಂತ ಮಾರಾಯ, ಪ್ರಾಣಿ ನಗಾಡಿ ಸಾಯಲಿಕ್ಕಾ?"

ಗೈಡಿನ ಹೆಸರು ಗೈಲ್ಸ್. ಅವನ ಬಟ್ಟೆ ಅಣ್ಣನದರ ಹಾಗೇ ಇತ್ತು, ಆದರೆ ಹಳೆಯದು. ಹಳೆಯದಾಗಿ ಕಾಣಲು ಅವನು ಬಹಳ ಕಷ್ಟಪಟ್ಟಿದ್ದ ಎಂದು ನನಗನ್ನಿಸಿತು. ಇದು ಅನ್ಯಾಯದ ಮಾತಿರಬಹುದು. ಕಾಡನ್ನು ಅವನು "ನನ್ನ ನೆಲ" ಎನ್ನುತ್ತಿದ್ದ, ಗೇಟಿನ ಬೋರ್ಡಿನಲ್ಲಿ ಬೇರೆ ಯಾರದೋ ಹೆಸರಿತ್ತು. ಪಪ್ಪನೊಡನೆ ಕಿವುಡರೊಡನೆ ಮಾತಾಡುವಂತೆ ಕೂಗಿ, ಬಿಡಿಸಿ ಬಿಡಿಸಿ ಮಾತಾಡಿದ. ನನ್ನೊಡನೆ ಮಾತೇ ಆಡಲಿಲ್ಲ. ನಾನು ಪಪ್ಪನ ನರ್ಸ್ ಎಂದು ತಿಳಿದಿದ್ದನೋ ಏನೋ. ಹಾಗೇ ಇರಲಿ ಎಂದು ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಕೆಟ್ಟ ಅಭ್ಯಾಸ.

ಮೊದಲು ಕಾಗದದ ಜಿಂಕೆಯೊಂದಕ್ಕೆ ಗುರಿಯಿಟ್ಟು ಎಲ್ಲರೂ ಹೊಡೆದು ತೋರಿಸಬೇಕು, ಅದು ನಿಯಮ. ಅಣ್ಣ ಹೊಡೆದ, ಕಾಗದದ ಬಾಲಕ್ಕೆ ತಗುಲಿತು. ಆಮೇಲೆ ಪಪ್ಪ. ಗೈಲ್ಸ್ ದುರ್ಬೀನು ಕಣ್ಣಿಗೆ ಹಿಡಿದು "ಲವ್ಲೀ, ಸರ್" ಎಂದ. ಕಾಗದ ತಂದು ತೋರಿಸಲಿಲ್ಲ. ಪಪ್ಪನ ಎಡಗಣ್ಣಿಗೆ ಆಪರೇಷನ್ ಆಗಿದೆ, ಬಲಗಣ್ಣಿಗೆ ಆಗಿಲ್ಲ. ಗುರಿ ಹಿಡಿದದ್ದು ಬಲಗಣ್ಣಿನಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಮುಂದೆ ನಡೆದಿದ್ದರು.

ಮರಗಳ ನಡುವಿನ ಒಂದು ಬಯಲಿನ ಅಂಚಿನಲ್ಲಿ ಕಾದೆವು. ನೆಲದಲ್ಲಿ ಊರಿದ ಕವಲುಕೋಲಿನ ಮೇಲೆ ಕೋವಿ ಇತ್ತು, ಪಪ್ಪ ಮಡಚುವ ಕುರ್ಚಿಯ ಮೇಲೆ. ಪಪ್ಪನೇ ಹೊಡೆಯಲಿ ಎಂದು ಅಣ್ಣ ಪಕ್ಕದಲ್ಲಿ ಫೋನ್ ಹಿಡಿದು ನಿಂತಿದ್ದ. ಬಹಳ ಹೊತ್ತಿನ ಮೇಲೆ ಆಚೆ ಬದಿಯಲ್ಲಿ ಮೂರು ನಾಲ್ಕು ಕಂದು ಪ್ರಾಣಿಗಳು ಬಂದವು.

"ಇದಾ?" ಎಂದರು ಪಪ್ಪ, ಮೆಲ್ಲಗೆ. "ಇದು ಊರಲ್ಲಿ ನೆರೆಮನೆ ಲೂಸಿಯ ಆಡಿನಷ್ಟಿಲ್ಲ."

"ಹೊಡೀರಿ ಪಪ್ಪ, ವಿಡಿಯೋ ಓಡ್ತಾ ಉಂಟು."

ಪಪ್ಪ ಹೊಡೆದರು. ಪ್ರಾಣಿಗಳೆಲ್ಲ ಒಟ್ಟಿಗೆ ಓಡಿಹೋದವು. ಯಾವುದೂ ಬೀಳಲಿಲ್ಲ, ಮುಗ್ಗರಿಸಲೂ ಇಲ್ಲ. ನಾನು ನೋಡಿದ್ದು ಅಷ್ಟೇ. ನನಗೆ ಬೇಟೆ ತಿಳಿಯದು ಎಂದು ಮೊದಲೇ ಹೇಳಿದ್ದೇನೆ.

"ತಗುಲಿದೆ. ಸ್ವಲ್ಪ ಓಡಿ ಬೀಳುತ್ತದೆ. ನೀವು ಇಲ್ಲೇ ಇರಿ" ಎಂದು ಹೇಳಿ ಗೈಲ್ಸ್ ನಾಯಿಯೊಡನೆ ಮರಗಳ ಒಳಗೆ ಹೋದ. ನಾವು ಚಹಾ ಕುಡಿದು ಮುಗಿಸಿದೆವು. ಕೊನೆಗೆ ಅವನು ಸಣ್ಣ ನಾಲ್ಕು ಚಕ್ರದ ಗಾಡಿಯಲ್ಲಿ ಬಂದ, ಹಿಂದೆ ಒಂದು ಗಂಡು ಜಿಂಕೆ, ಹೊಟ್ಟೆ ಸೀಳಿ ಕರುಳು ತೆಗೆದದ್ದು. ಅಲ್ಲೇ ಸ್ವಚ್ಛ ಮಾಡುವುದು ಪದ್ಧತಿ ಎಂದ. ಕೊಂಬು ಹಲಗೆಯ ಹಾಗೇ ಇತ್ತು. ಅಣ್ಣನ ಮುಖ ನೋಡಬೇಕಿತ್ತು.

ಆಮೇಲೆ ಒಂದು ಶಾಸ್ತ್ರ ನಡೆಯಿತು. ಮೊದಲ ಬೇಟೆಯಾಡಿದವರ ಕೆನ್ನೆಗೆ ಆ ಪ್ರಾಣಿಯ ರಕ್ತ ಹಚ್ಚುವುದು ಇಲ್ಲಿಯ ಸಂಪ್ರದಾಯವಂತೆ. ಎಂಬತ್ತೊಂದು ವರ್ಷದ ಮನುಷ್ಯನ ಮೊದಲ ಬೇಟೆ! ಗೈಲ್ಸ್ ಜಿಂಕೆಯ ಎದೆಯೊಳಗೆ ಬೆರಳು ಹಾಕಿ ತೆಗೆದ. ಬಂದದ್ದು ಕಪ್ಪಗೆ, ಜೆಲ್ಲಿಯಂತೆ ಗಟ್ಟಿಯಾಗಿತ್ತು. ಅದನ್ನೇ ಪಪ್ಪನ ಕೆನ್ನೆಗೆ ಸವರಿದ, ಅಣ್ಣ ಫೋಟೋ ತೆಗೆದ. ಎಲ್ಲರೂ ಕೊಂಬು ಹಿಡಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ ಎಂದು ಗೈಲ್ಸ್ ತಿಳಿದಿದ್ದ. ಪಪ್ಪ ಕೊಂಬು ಮುಟ್ಟಲಿಲ್ಲ. ಪಾಲು ಹಾಕುವವನು ಮೊದಲು ಮಾಡುವುದೇನೋ ಅದನ್ನೇ ಮಾಡಿದರು: ಅಂಗಿಯ ತೋಳು ಮಡಚಿ, ಸೀಳಿದ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದರು. ಹಾಗೇ ಸ್ವಲ್ಪ ಹೊತ್ತು ಇದ್ದರು.

ಗೈಲ್ಸ್ ಬೇರೆಡೆ ನೋಡಿದ. "ಇಂದು ಚಳಿ ಜಾಸ್ತಿ, ಸರ್" ಎಂದ. ಯಾರೂ ಏನೂ ಕೇಳಿರಲಿಲ್ಲ.

ಕಾರಿನಲ್ಲಿ ಅಣ್ಣ ವೆನಿಶಾಳೊಡನೆ, ಎಂದರೆ ಅತ್ತಿಗೆಯೊಡನೆ, ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. "ಒಂದೇ ಗುಂಡು, ವೆನಿಶಾ, ಒಂದೇ ಗುಂಡು." ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಪಪ್ಪ ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸಿಕೊಂಡರು.

"ತಣ್ಣಗುಂಟು, ಸಿಸಿಲ್."

"ಚಳಿಗೆ ಇರಬಹುದು ಪಪ್ಪ."

"ಚಳಿ ಹೊರಗೆ ಅಲ್ವಾ? ಒಳಗೆ ಹೇಗೆ ಹೊಕ್ತದೆ? ಈಗ ಸತ್ತದ್ದರ ಒಳಗೆ ಕೈ ಹಾಕಿದರೆ ಬಿಸಿ ಅನ್ನಕ್ಕೆ ಕೈ ಹಾಕಿದ ಹಾಗೆ. ಇದು ನಿನ್ನೆಯದ್ದು. ಮೊನ್ನೆಯದ್ದೂ ಆಗಿರಬಹುದು."

"ಈಗ ಎಂತ ಮಾಡುವುದು?"

"ಜನ ಬಂದು ಕೂತಿರ್ತಾರೆ" ಎಂದರು.

ಚೂರಿ ಇಡುವ ಮೊದಲು ಅವರು ಒಂದು ಹೆಸರು ಹೇಳಬೇಕು. ತಮ್ಮ ಹೆಸರು ಹೇಳಿದರೆ ಅವರು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಹೇಳದಿದ್ದರೆ ಎಲ್ಲರ ಎದುರು ಅಣ್ಣನ ಮಾನ ಹೋಗುತ್ತದೆ. ಅಣ್ಣನ ಮಾನದ ಬಗ್ಗೆ ನನಗೆ ಅಷ್ಟೇನೂ ಚಿಂತೆಯಿಲ್ಲ ಎಂದು ಆಗ ಗೊತ್ತಾಗಿ ನಾಚಿಕೆಯಾಯಿತು. ಆದರೂ ಚಿಂತೆಯಾಗಲಿಲ್ಲ.

ಹ್ಯಾರೋ ಮನೆಯ ಹಿತ್ತಲಿನಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಬಾಳೆಎಲೆ ಹಾಸಿದ್ದರು. ಚರ್ಮ ಬಿಡಿಸಲು ಇಗರ್ಜಿಯ ಇಬ್ಬರು ಕೈಹಾಕಿದರು. ನರಸಿಂಹಮೂರ್ತಿಗಳು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು. ಅಣ್ಣ ಆ ಟ್ವೀಡಿನಲ್ಲೇ ಎಲ್ಲರಿಗೂ ವಿಡಿಯೋ ತೋರಿಸುತ್ತಿದ್ದ, ಗುಂಡಿನ ಶಬ್ದವಾದ ಕೂಡಲೇ ನಿಲ್ಲಿಸುತ್ತಿದ್ದ.

ಪಪ್ಪ ಚೂರಿ ಹಿಡಿದರು. ಅವರು ಹೆಸರು ಹೇಳದೆ ಕೊಯ್ಯತೊಡಗಿದರು.

ಊರಿನ ಒಬ್ಬರು ಬಿಡಲಿಲ್ಲ. "ಪರ್ಬುಗಳೇ, ಹೆಸರು?"

"ಹೇಳ್ತೇನೆ. ಕೊನೆಗೆ ಹೇಳ್ತೇನೆ."

ಪಾಲುಗಳು ಒಂದಕ್ಕೊಂದು ಸರಿಸಮ ಬಿದ್ದವು. ಕೋವಿಗೆ, ನೆಲಕ್ಕೆ, ನಾಯಿಗೆ.

"ನಾಯಿ ಗೈಲ್ಸ್‌ನದ್ದು ಪಪ್ಪ, ಅದಕ್ಕೆ ಎಂತಕ್ಕೆ?" ಎಂದ ಅಣ್ಣ.

"ನಾಯಿ ಸುಳ್ಳು ಹೇಳಲಿಲ್ಲವಲ್ಲ" ಎಂದರು ಪಪ್ಪ.

ಕೊನೆಗೆ ತಲೆ ಮತ್ತು ಮುಂಗಾಲು ಬೇರೆ ಎಲೆಯ ಮೇಲೆ ಉಳಿದವು. ಪಪ್ಪ ಆ ಎಲೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಲಿಲ್ಲ. ಮೇಜಿನ ನಡುವೆಯೇ ಬಿಟ್ಟರು.

"ಅದು ನಿಮ್ದಲ್ವಾ ಸ್ವಾಮಿ?" ಎಂದು ನರಸಿಂಹಮೂರ್ತಿಗಳು ಕೇಳಿದರು.

"ಹೊಡೆದವನದ್ದು."

"ಹೊಡ್ದೋರು ನೀವೇ ತಾನೆ? ವಿಡಿಯೋ ನೋಡಿದ್ವಲ್ಲ."

"ನಾನು ಹೊಡೆದದ್ದು ಓಡಿಹೋಯ್ತು" ಎಂದರು ಪಪ್ಪ, ಎಲ್ಲರಿಗೂ ಕೇಳುವ ಹಾಗೆ. "ಇದು ಬೇರೆ ಯಾರೋ ಹೊಡೆದದ್ದು. ಹೆಸರು ನನಗೆ ಗೊತ್ತಿಲ್ಲ. ಮಾಂಸ ಒಳ್ಳೆಯದುಂಟು, ಕೆಟ್ಟಿಲ್ಲ, ಬೇಕಾದವರು ತೆಗೆದುಕೊಳ್ಳಿ. ಆದರೆ ಶಿಕಾರಿಯ ಪಾಲು ಅಂತ ಅಲ್ಲ." ಆಮೇಲೆ ಅಣ್ಣನ ಕಡೆ ತಿರುಗಿದರು. "ವಿಲ್ಲಿ, ಈ ಎಲೆಯದ್ದನ್ನು ಅವನಿಗೆ ಮುಟ್ಟಿಸು. ಯಾರಂತ ನಿನಗೆ ಗೊತ್ತಿದ್ದರೆ."

"ನನಗೆ ಹೇಗೆ ಗೊತ್ತಿರ್ತದೆ? ಪಪ್ಪನಿಗೆ ವಯಸ್ಸಾಯ್ತು, ಏನೇನೋ ಹೇಳ್ತಾರೆ" ಎಂದು ಅಣ್ಣ ನಕ್ಕ. ಜೊತೆಗೆ ನಗುವವರು ಸಿಗಲಿಲ್ಲ. ಬೆವರಿ ಟ್ವೀಡಿನ ಕಾಲರು ಒದ್ದೆಯಾಗಿತ್ತು, ಹಿತ್ತಲಿನಲ್ಲಿ ಚಳಿಯಿತ್ತು.

ಬಂದವರು ಒಬ್ಬೊಬ್ಬರಾಗಿ ಪಾಲು ಎತ್ತಿಕೊಂಡರು. ಇಬ್ಬರು ಮಾತ್ರ ಬಿಟ್ಟು ಹೋದರು. ಪಪ್ಪ ತಮಗೆಂದು ಎತ್ತಿಕೊಂಡದ್ದು ಒಂದು ಸಣ್ಣ ಪಾಲು, ನನ್ನದರಷ್ಟೇ. ಜೊತೆಗೆ ಹೋದವನ ಪಾಲು. "ನಾನು ಹೋಗಿದ್ದೆನಲ್ಲ, ಅದು ಸುಳ್ಳಲ್ಲ" ಎಂದರು. ಗ್ರೀನ್‌ಫರ್ಡ್‌ಗೆ ಬಂದ ಮೇಲೆ ಅದನ್ನು ಅವರೇ ಒಗ್ಗರಣೆ ಹಾಕಿ ಬೇಯಿಸಿದರು. ಮಾಂಸ ಮೃದುವಾಗಿತ್ತು.

ಗೈಲ್ಸ್ ಎಲ್ಲ ಮುದುಕರಿಗೂ ಹೀಗೇ ಮಾಡುತ್ತಾನೋ, ನಮಗೆ ಮಾತ್ರ ಮಾಡಿದನೋ ತಿಳಿಯದು. ಪಪ್ಪನ ಗುಂಡು ಮರಕ್ಕೆ ತಗುಲಿತೋ, ಯಾವುದೋ ಜಿಂಕೆಗೆ ತಗುಲಿ ಅದು ಎಲ್ಲೋ ಒಳಗೆ ಬಿದ್ದಿದೆಯೋ ಅದೂ ತಿಳಿಯದು. ಅದನ್ನು ನೆನೆದರೆ ನನಗೆ ಸಮಾಧಾನವಿರುವುದಿಲ್ಲ. ಅಣ್ಣನೇ ಮುಂಚಿತವಾಗಿ ಹೇಳಿ ಮಾಡಿಸಿದ್ದೋ, ಅವನೂ ನಮ್ಮ ಹಾಗೇ ಮೋಸ ಹೋದನೋ ನನಗೆ ಗೊತ್ತಿಲ್ಲ. ಅವನನ್ನು ನಾನು ಕೇಳಿಲ್ಲ. ಪಪ್ಪನೂ ಕೇಳಿಲ್ಲ.