ಹಿಟ್ಟಿನ ಕೈ

ಉಗುರಿನ ಸಂದಿಯಲ್ಲಿ ಒಣಗಿದ್ದ ಅಕ್ಕಿಹಿಟ್ಟನ್ನು ಸುಲೈಖ ತೆಂಗಿನಗರಿಯ ಕಡ್ಡಿಯಿಂದ ಒಂದೊಂದೇ ಬೆರಳು ಹಿಡಿದು ತೆಗೆಯುತ್ತಿದ್ದಳು. ನೀರು ಮೈಯ ಎಲ್ಲ ಕಡೆಗೂ ಮುಟ್ಟಬೇಕು, ಇಲ್ಲದಿದ್ದರೆ ಸತ್ತವರ ಸ್ನಾನ ಸ್ನಾನವೇ ಅಲ್ಲ ಎಂದು ಮೀಯಿಸಲು ಬಂದಿದ್ದ ಮುದುಕಿ ಎರಡು ಸಲ ಹೇಳಿಯಾಗಿತ್ತು.

ಮೈಮೂನ ಬೆಳಿಗ್ಗೆ ಹಿಟ್ಟು ನಾದುತ್ತಾ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಿದ್ದಳು. ಮೂವತ್ತು ವರ್ಷ ಪತ್ತಿರಿ ಲಟ್ಟಿಸಿ ಮಾರಿದ ಕೈ ಅದು. ಆ ಅಕ್ಕಿರೊಟ್ಟಿಯನ್ನು ಅವಳಷ್ಟು ತೆಳ್ಳಗೆ ಮಾಡುವವರು ಪೊನ್ನಾನಿಯ ಈ ಕಡೆ ಯಾರೂ ಇರಲಿಲ್ಲ. ಇದ್ದರೂ ಅವಳು ಒಪ್ಪುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡ ಬಿಟ್ಟುಹೋದ. ಮಕ್ಕಳಿಲ್ಲ. ಅಣ್ಣ ಬೀರಾನನ ಮನೆಯ ಹಿತ್ತಿಲಲ್ಲಿ ಎರಡು ಕೋಣೆ, ಒಂದು ಒಲೆ. ಮಕ್ಕಾಕ್ಕೆ ಹೋಗಬೇಕೆಂದು ಮಾಡಿಸಿಟ್ಟ ಪಾಸ್‌ಪೋರ್ಟು ಅಕ್ಕಿಡಬ್ಬದ ತಳದಲ್ಲಿ ಹಾಗೇ ಇತ್ತು. ಅದಕ್ಕೆಂದು ಕೂಡಿಟ್ಟ ದುಡ್ಡು ಎಲ್ಲಿಗೆ ಹೋಯಿತೆಂದು ಊರಿಗೆಲ್ಲ ಗೊತ್ತು.

"ಸಾಕು ಬಿಡು ಸುಲೈಖ, ಎಷ್ಟಂತ ಕೆರೀತಿ," ಎಂದಳು ಪರದೆಯ ಆಚೆ ನೀರಿನ ಬಿಂದಿಗೆ ಹಿಡಿದು ನಿಂತಿದ್ದ ಕಾರ್ತ್ಯಾಯನಿ.

"ಹೆಬ್ಬೆರಳಲ್ಲಿ ಇನ್ನೂ ಇದೆ, ಚೇಚಿ."

ಇಪ್ಪತ್ತು ಹೆಂಗಸರ ಉಳಿತಾಯ ಸಂಘದಲ್ಲಿ ಎಲ್ಲರಿಗೂ ಚೇಚಿ, ಅಂದರೆ ಅಕ್ಕ, ಆಗಿದ್ದ ಕಾರ್ತ್ಯಾಯನಿ ಅಧ್ಯಕ್ಷೆ, ಮೈಮೂನ ಕಾರ್ಯದರ್ಶಿ. ಸುಲೈಖ ಹತ್ತನೇ ಕ್ಲಾಸು ಪಾಸಾಗಿದ್ದಳು, ಕನ್ನಡಕವೂ ಇತ್ತು, ಹಾಗಾಗಿ ಸಭೆಯ ಪುಸ್ತಕ ಬರೆಯುವ ಕೆಲಸ ಅವಳಿಗೆ ಬಿದ್ದಿತ್ತು. ಸಂಘದ ಬ್ಯಾಂಕ್ ಖಾತೆಗೆ ಕೊಟ್ಟ ಫೋನ್ ನಂಬರು ಮಾತ್ರ ಮೈಮೂನಳದ್ದು.

ಸುಲೈಖ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಅದು ಆಗಲೇ ತಣ್ಣಗಾಗಿತ್ತು.

*

ನಾಲ್ಕು ವರ್ಷದ ಹಿಂದೆ, ತಿಂಗಳ ಎರಡನೇ ಶನಿವಾರ. ಬ್ಯಾಂಕಿನವನೆಂದು ಫೋನ್ ಮಾಡಿದವನು ಇದೇ ಊರಿನವನ ಹಾಗೆ ಮಾತಾಡುತ್ತಿದ್ದ, ಮಾತಿಗೊಮ್ಮೆ ಇತ್ತ, ಇತ್ತ ಎಂದು ಅಕ್ಕನನ್ನು ಕರೆಯುವ ಹಾಗೆ ಕರೆಯುತ್ತಿದ್ದ. ಸಂಘದ ಖಾತೆಯ ಕಾಗದಪತ್ರ ಹಳೆಯದಾಗಿದೆ, ಇವತ್ತೇ ಸರಿಮಾಡದಿದ್ದರೆ ಸೋಮವಾರ ಬರಬೇಕಾದ ಸಬ್ಸಿಡಿ ವಾಪಸು ಹೋಗುತ್ತದೆ, ಈಗ ಫೋನಿಗೆ ಆರು ಅಂಕಿ ಬಂದಿದೆ, ಅದನ್ನು ಓದಿ ಹೇಳಿದರೆ ಮುಗಿಯಿತು ಎಂದ.

ಮೈಮೂನಳ ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಫೋನ್ ಹಿಡಿದುಕೊಂಡಿದ್ದವಳು ಸುಲೈಖ.

"ಸೋಮವಾರ ನಾನೇ ಬ್ಯಾಂಕಿಗೆ ಬರ್ತೀನಿ ಅಂತ ಹೇಳು," ಎಂದಳು ಮೈಮೂನ.

"ಸೋಮವಾರದ ತನಕ ಯಾಕೆ? ಆರು ಅಂಕಿ ತಾನೆ, ನಾನೇ ಓದ್ತೀನಿ ಬಿಡು."

ಕನ್ನಡಕ ಏರಿಸಿಕೊಂಡು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ, ಸ್ಪಷ್ಟವಾಗಿ ಓದಿದಳು. ಅವನು ನಂಬಿಕೆಯಿಲ್ಲದವನಂತೆ ಇನ್ನೊಮ್ಮೆ ಓದಿಸಿಕೊಂಡ.

ಒಂದು ಲಕ್ಷ ಹೋಯಿತು. ಇಬ್ಬರೂ ಓಡಿದರು. ಬ್ಯಾಂಕಿಗೆ ರಜೆ. ಬಾಗಿಲ ಮೇಲೆ ಬರೆದಿದ್ದ ಸಹಾಯದ ನಂಬರಿಗೆ ಮೈಮೂನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಾ ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆ ಸಂಗೀತದ ನಡುವೆಯೇ ಇನ್ನೊಂದು ಮೆಸೇಜು ಬಂತು. ಇನ್ನೂ ಅರವತ್ತು ಸಾವಿರ ಹೋಗಿತ್ತು.

ಮರುದಿನ ಸಂಘದ ಸಭೆಯಲ್ಲಿ ಅಂಕಿ ಹೇಳಿದ್ದು ಯಾರೆಂದು ಕೇಳಿದಾಗ ಸುಲೈಖಳ ನಾಲಿಗೆ ಏಳಲಿಲ್ಲ. ಮೈಮೂನ ಅವಳ ಮುಖ ನೋಡಲೂ ಇಲ್ಲ. "ಫೋನ್ ನಂದು. ಬರ್ಕೋ ಸುಲೈಖ," ಎಂದಳು. ಸುಲೈಖ ತನ್ನ ಗುಂಡಗಿನ ಅಕ್ಷರದಲ್ಲಿ ಬರೆದಳು: ಕಾರ್ಯದರ್ಶಿ ಮೈಮೂನ ಅವರು ಗುಪ್ತ ಸಂಖ್ಯೆಯನ್ನು ತಿಳಿಸಿದ್ದರಿಂದ ನಷ್ಟವಾಗಿರುತ್ತದೆ. ಆಮೇಲೆ ಬ್ಯಾಂಕಿನಿಂದ ಬಂದ ಪತ್ರದಲ್ಲೂ ಹೆಚ್ಚುಕಡಿಮೆ ಅದೇ ವಾಕ್ಯವಿತ್ತು.

ಸಭೆ ಮುಗಿಸಿ ಬರುವ ದಾರಿಯಲ್ಲಿ ಸುಲೈಖ ಬಾಯಿ ತೆರೆದಾಗ ಮೈಮೂನ ತಡೆದಳು. "ಗೊತ್ತಾದ್ರೆ ನಿನ್ನ ಗಂಡ ನಿನ್ನನ್ನ ಮನೇಲಿ ಇಟ್ಕೊಳ್ತಾನಾ? ನನ್ನನ್ನ ಬಿಡೋಕೆ ಇನ್ಯಾವ ಗಂಡನೂ ಇಲ್ಲ. ಸುಮ್ನಿರು."

ಬಳೆ ಮಾರಿ, ಮಕ್ಕಾದ ದುಡ್ಡು ತೆಗೆದು, ಪತ್ತಿರಿ ಇಮ್ಮಡಿ ಲಟ್ಟಿಸಿ ಆ ಒಂದು ಲಕ್ಷವನ್ನು ಅವಳು ತೀರಿಸಿದಳು. ಸುಲೈಖ ಒಮ್ಮೆ ಕೋಳಿ ಮಾರಿದ ಎಂಟುನೂರು ರೂಪಾಯಿ ತಂದು ಕೈಗಿಟ್ಟಾಗ, ಅಷ್ಟೂ ದುಡ್ಡಿಗೆ ಪತ್ತಿರಿ ಎಣಿಸಿ ಚೀಲಕ್ಕೆ ಹಾಕಿ ಕಳಿಸಿದ್ದಳು. ಆ ಪತ್ತಿರಿ ಮುಗಿಸುವಷ್ಟರಲ್ಲಿ ಸುಲೈಖಳ ಮನೆಯವರಿಗೆ ಸಾಕುಬೇಕಾಗಿತ್ತು. ಉಳಿದ ಅರವತ್ತು ಸಾವಿರವನ್ನು ಮಾತ್ರ ಮೈಮೂನ ಮುಟ್ಟಲಿಲ್ಲ. "ನಮ್ಮ ತಪ್ಪಿಗೆ ನಾನು ಕೊಟ್ಟಾಯ್ತು. ಸಂಗೀತ ಕೇಳಿಸಿದ್ದಕ್ಕೆ ಬ್ಯಾಂಕು ಕೊಡ್ಲಿ. ಪರಲೋಕದಲ್ಲೂ ನಾನು ಅವರನ್ನ ಬಿಡಲ್ಲ," ಎನ್ನುತ್ತಿದ್ದಳು.

*

ಹನ್ನೊಂದೂವರೆಗೆ ಬ್ಯಾಂಕಿನ ಕೌಂಟರಿನ ಸುಧೀರ ಬಂದ. ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾವಿಕಟ್ಟೆಯ ಪಕ್ಕ ನಿಂತ. ಕಾರ್ತ್ಯಾಯನಿ ಖಾಲಿ ಬಿಂದಿಗೆಯೊಂದಿಗೆ ಅತ್ತಲೇ ಬಂದಳು.

"ಬ್ಯಾಂಕು ಮಾಫಿ ಕೇಳೋಕೆ ಬಂತೋ, ಮಾಫಿ ಕೊಡೋಕೆ ಬಂತೋ?"

"ಬ್ಯಾಂಕು ಬರ್ಲಿಲ್ಲ ಚೇಚಿ, ನಾನು ಬಂದೆ. ದಿನಾ ಅವರ ಪತ್ತಿರಿನೇ ತಿಂತಿದ್ದೋನು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಆ ಅರವತ್ತು ಸಾವಿರದ ಬಗ್ಗೆ ತಾನು ಮೂರು ಸಲ ಮೇಲಿನವರಿಗೆ ಬರೆದೆ, ಆ ದಿನ ಮೈಮೂನ ಫೋನ್ ಮಾಡಿದ್ದಕ್ಕೆ ದಾಖಲೆಯೇ ಇಲ್ಲ ಎಂದು ಮೂರು ಸಲವೂ ಉತ್ತರ ಬಂತು ಎಂದ. "ಯಾರಾದ್ರೂ ಎತ್ತಿ ಮಾತಾಡಿದ್ರೆ ಮಾತ್ರ ದಾಖಲೆ ಆಗೋದಂತೆ. ಕಾಯ್ತಾ ಕೂತೋರದ್ದು ಲೆಕ್ಕಕ್ಕಿಲ್ಲ."

ಕಾರ್ತ್ಯಾಯನಿ ಬಿಂದಿಗೆ ತುಂಬಿಸಿಕೊಂಡು ಹೋದಳು.

ಮೈಮೂನಳಿಗೆ ಬಿಳಿ ಬಟ್ಟೆ ಸುತ್ತಿ ಮುಖ ಮಾತ್ರ ಬಿಟ್ಟಿದ್ದರು. ಆಗ ಬೀರಾನ್ ಸಂಘದ ಹೆಂಗಸರಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತ. ಎಪ್ಪತ್ತು ದಾಟಿದ ಮನುಷ್ಯ, ಬೆಳಗಿನಿಂದ ಒಂದು ಗುಟುಕು ಚಹಾ ಕುಡಿದಿರಲಿಲ್ಲ. ಮಸೀದಿಯಲ್ಲಿ ನಮಾಜಿಗೆ ಮುಂಚೆ ಅವನು ಮೈಕಿನಲ್ಲಿ ಕೇಳಬೇಕು: ಸತ್ತವಳಿಂದ ಯಾರಿಗಾದರೂ ಬರಬೇಕಾದ್ದಿದೆಯೇ, ಇದ್ದರೆ ನನ್ನಿಂದ ತೆಗೆದುಕೊಳ್ಳಿ, ಇಲ್ಲವೇ ಮಾಫಿ ಮಾಡಿ. ಸಾಲ ಹೊತ್ತುಕೊಂಡು ಮಣ್ಣಿಗೆ ಹೋಗಬಾರದು.

"ಅಲ್ಲಿ ಇರೋದು ಬರೀ ಗಂಡಸರು," ಎಂದ ಬೀರಾನ್. "ದುಡ್ಡು ನಿಮ್ದು. ಆ ಅರವತ್ತು ಸಾವಿರ ಅವಳ ಸಾಲಾನೋ ಅಲ್ವೋ ನನಗಂತೂ ತಿಳೀತಿಲ್ಲ. ಹೌದು ಅಂದ್ರೆ ನನ್ನ ತಲೆ ಮೇಲೆ ಹಾಕ್ಕೊಳ್ತೀನಿ, ಆಟೋ ಮಾರ್ತೀನಿ. ಇಲ್ಲೇ ಹೇಳ್ಬಿಡಿ."

ಮೊದಲು ಕಾರ್ತ್ಯಾಯನಿ, ಅದು ಅವಳ ಸಾಲವಲ್ಲ, ಆದರೂ ನಾನು ಮಾಫಿ ಮಾಡಿದೆ ಎಂದಳು. ಉಳಿದವರು ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಕೆಲವರು ಅಳುತ್ತಾ ಹೇಳಿದರು, ಕೆಲವರು ಹೇಳಬೇಕಲ್ಲ ಎಂದು ಹೇಳಿದರು. ಕೊನೆಗೆ ಸುಲೈಖ ಒಬ್ಬಳೇ ಉಳಿದಳು. ಅವಳು ಮೈಮೂನಳ ತಲೆಯ ಹತ್ತಿರ ಕೂತಿದ್ದಳು, ಮಾತಾಡಲಿಲ್ಲ.

"ನಿನ್ನ ಪಾಲಿಗೆ ಬರೋದು ಮೂರು ಸಾವಿರ ಕಣೆ," ಎಂದಳು ಕಾರ್ತ್ಯಾಯನಿ. "ಇವತ್ತೂ ಬಿಡೋಕಾಗಲ್ವಾ? ಜೊತೆಗೇ ಬೆಳೆದೋಳು ನೀನು."

ಯಾರೋ ಛೆ ಎಂದರು. ಬೀರಾನ್ ತಲೆ ತಗ್ಗಿಸಿ, ಕೊಡುತ್ತೇನೆ, ಇವತ್ತೇ ಕೊಡುತ್ತೇನೆ ಎಂದ. ಅದನ್ನು ಕೇಳಿ ಸುಲೈಖಳಿಗೆ ತಡೆಯಲಾಗಲಿಲ್ಲ.

"ನಾನು ಮಾಫಿ ಮಾಡೋಕೆ ಯಾರು, ಬೀರಾನ್‌ಕಾ? ಆ ಅಂಕಿ ಓದಿದ್ದು ನಾನು. ಇವಳ ಕೈಯಲ್ಲಿ ಹಿಟ್ಟಿತ್ತು. ಸೋಮವಾರ ನಾನೇ ಬ್ಯಾಂಕಿಗೆ ಬರ್ತೀನಿ ಅಂತ ಹೇಳು ಅಂದ್ಲು. ನಾನೇ ಕೇಳಲಿಲ್ಲ, ಓದ್ಬಿಟ್ಟೆ. ಪುಸ್ತಕದಲ್ಲಿ ಇವಳ ಹೆಸರು ಬರೆದಿದ್ದೂ ನಾನೇ." ಅವಳು ಮೈಮೂನಳ ಮುಖದ ಕಡೆ ನೋಡಿದಳು. "ನೀವೆಲ್ಲ ಇವಳಿಗೆ ಮಾಫಿ ಕೊಟ್ರಿ. ನಂಗೆ ಯಾರು ಕೊಡ್ತಾರೆ? ಕೊಡೋಳು ಹೊರಟ್ಲಲ್ಲ."

ಕಾರ್ತ್ಯಾಯನಿ ಮುಖ ಆಚೆ ತಿರುಗಿಸಿದಳು. ಬೀರಾನ್ ಬಾಗಿಲ ಚೌಕಟ್ಟು ಬಿಟ್ಟು, ಹೊತ್ತಾಯಿತು, ಎತ್ತಬೇಕು ಎಂದಷ್ಟೇ ಹೇಳಿ ಹೊರಗೆ ಹೋದ.

*

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಣ್ಣು ಮಾಡಿ ಬರುವವರಿಗೆ ಪಕ್ಕದ ಮನೆಯವರೇ ಊಟ ಮಾಡಬೇಕು. ಪಕ್ಕದ ಮನೆ ಎಂದರೆ ಸುಲೈಖಳದ್ದು. ಗಂಡ ಹೆಣದ ಜೊತೆ ಹೋಗಿದ್ದ. ಈ ಮಾತು ಅವನ ಕಿವಿಗೆ ಬೀಳಲು ಸಂಜೆಯವರೆಗೂ ಬೇಕಾಗಿರಲಿಲ್ಲ. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಅವಳು ಕುದಿನೀರಿಗೆ ಅಕ್ಕಿಹಿಟ್ಟು ಸುರಿದಳು. ಬಿಸಿ ಇರುವಾಗಲೇ ನಾದಬೇಕು, ಕೈ ಸುಟ್ಟರೂ ಬಿಡಬಾರದು ಎಂದು ಮೈಮೂನ ಯಾವಾಗಲೂ ಹೇಳುತ್ತಿದ್ದಳು.

ನೆರವಿಗೆ ಯಾವ ಹೆಂಗಸೂ ಬರಲಿಲ್ಲ.

ಮಸೀದಿಯ ಮೈಕು ಗೊರಗೊರ ಎಂದಿತು. ಬೀರಾನನ ದನಿ ಕೇಳಿಸಿತು.

"ನನ್ನ ತಂಗಿ ಮೈಮೂನಳಿಂದ ಯಾರಿಗಾದ್ರೂ ಬರ್ಬೇಕಾದ್ದಿದ್ರೆ ನನ್ನ ಹತ್ರ ಬನ್ನಿ. ಅದು ನಂದು." ಅಲ್ಲಿಗೆ ನಿಲ್ಲಿಸುವುದು ವಾಡಿಕೆ. ಅವನು ನಿಲ್ಲಿಸಲಿಲ್ಲ. "ಮೈಮೂನಳಿಗೆ ಯಾರಾದ್ರೂ ಕೊಡ್ಬೇಕಾದ್ದಿದ್ರೆ..." ಮೈಕು ಬಹಳ ಹೊತ್ತು ಸುಮ್ಮನೆ ಗುಂಯ್‌ಗುಟ್ಟಿತು. ಯಾರೋ ಕೆಮ್ಮಿದ್ದು ಕೇಳಿಸಿತು. "ಅದನ್ನ ಅವಳು ನಾಲ್ಕು ವರ್ಷದ ಹಿಂದೆನೇ ಬಿಟ್ಟಿದ್ದಾಳೆ."

ಸುಲೈಖಳ ಕೈ ಹಿಟ್ಟಿನಲ್ಲೇ ನಿಂತಿತು. ಕನ್ನಡಕ ಒದ್ದೆಯಾಗಿ ಮೂಗಿನ ತುದಿಗೆ ಜಾರಿತು. ಎತ್ತಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಕಾರ್ತ್ಯಾಯನಿ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು.

"ಬ್ಯಾಂಕನ್ನ ಮಾತ್ರ ಬಿಟ್ಟಿರಲ್ಲ ಅವಳು," ಎಂದಳು.

ಒಳಗೆ ಬಂದು ಸುಲೈಖಳ ಮೂಗಿನ ಮೇಲಿಂದ ಕನ್ನಡಕ ತೆಗೆದಳು. ತನ್ನ ಸೆರಗಿನಿಂದ ಒಂದೊಂದೇ ಗಾಜನ್ನು ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅವಳ ಕಿವಿಗೆ ಸಿಕ್ಕಿಸಿದಳು. ಆಮೇಲೆ ಮಣೆ ಎಳೆದುಕೊಂಡು ಕೂತು ಲಟ್ಟಣಿಗೆ ಕೈಗೆ ತೆಗೆದುಕೊಂಡಳು.