ಉತ್ತರದ ಕಿಟಕಿ

"ಇದಕ್ಕಿಂತ ಸುಲಭದ್ದು ಯಾವುದಾದ್ರೂ ಇದ್ರೆ ಕೊಡಮ್ಮ," ಎಂದು ಗ್ಲೆನಿಸ್ ಹಸಿರು ರಟ್ಟಿನ ಪುಸ್ತಕವನ್ನು ಮೇಜಿನ ಮೇಲೆ ಗ್ರಂಥಪಾಲಕಿ ಬ್ರಿಯೊನಿಯ ಕಡೆಗೆ ತಳ್ಳಿದಳು. "ಮಕ್ಕಳದ್ದಾದ್ರೂ ಆಗತ್ತೆ."

ವಿಲ್ಪಾರಾ ಊರಿನ ಗ್ರಂಥಾಲಯ ಇರುವುದು ಶಾಲೆಯೊಳಗೆ. ಮಕ್ಕಳಿಗೂ ಮುದುಕರಿಗೂ ಸೇರಿ ಅದೊಂದೇ. ಹಾಗಾಗಿ ಎಪ್ಪತ್ತು ದಾಟಿದವರೂ ಅಲ್ಲಿ ಒಂದನೇ ಕ್ಲಾಸಿನ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರಬೇಕು. ಈಗ ಹಾಗೆ ಕೂತಿದ್ದವನು ಕ್ಲೆಮ್, ಗ್ಲೆನಿಸಳ ಅಕ್ಕನ ಗಂಡ. ಅಲ್ಲಿ ಜುಲೈ ಎಂದರೆ ನಡು ಚಳಿಗಾಲ; ಆ ಚಳಿಗೆ ಹೀಟರಿನ ಹತ್ತಿರ ಜಾಗ ಹಿಡಿದು, ಮೀನು ಹಿಡಿಯುವವರ ಪತ್ರಿಕೆಯೊಂದನ್ನು ಮಗುಚುತ್ತಿದ್ದ. ನೆಟ್ಟ ಕಣ್ಣು ಪತ್ರಿಕೆಯ ಮೇಲೆ, ಕಿವಿ ಮಾತ್ರ ಇತ್ತಲೇ.

"ತಗೊಂಡು ಹೋಗಿ ಹದಿನೈದು ದಿನಾನೂ ಆಗಿಲ್ವಲ್ಲ ಗ್ಲೆನಿಸ್," ಎಂದಳು ಬ್ರಿಯೊನಿ. "ಆವತ್ತು ಚಿತ್ರಕಲೆ ಕಪಾಟನ್ನೇ ನೆಲಕ್ಕಿಳಿಸಿ, ಒಂದೊಂದೂ ನೋಡಿ, ಇದೇ ಬೇಕು ಅಂದ್ರಿ. ಈಗ ಮಕ್ಕಳ ಪುಸ್ತಕ ಯಾರಿಗೆ?"

"ಪಕ್ಕದ ಮನೆ ಮಗೂಗೆ."

"ನಿನ್ನ ಪಕ್ಕದ ಮನೇಲಿರೋದು ಹಾರ್ವಿ," ಎಂದ ಕ್ಲೆಮ್, ತಲೆಯೆತ್ತದೆ. "ಬ್ರಹ್ಮಚಾರಿ. ಎಂಬತ್ತರ ಹತ್ತಿರ."

"ನಿನ್ನನ್ನ ಯಾರೂ ಕೇಳಲಿಲ್ಲ ಕ್ಲೆಮ್."

"ಸರಿ ಬಿಡು. ಮಗು ಅಂದ್ಯಲ್ಲ, ಎಲ್ಲಿ ಮುಚ್ಚಿಟ್ಟಿದಾನೋ ಅಂತ ಯೋಚನೆ ಬಂತು."

ಬ್ರಿಯೊನಿ ನಗುತ್ತ ಎದ್ದು ಹೋದಳು. ಗ್ಲೆನಿಸ್ ನಗಲಿಲ್ಲ. ಕೋಟಿನ ಜೇಬಿನಲ್ಲಿದ್ದ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಳು. ಈವತ್ತು ಅವಳು ಕಾರು ತೆಗೆದಿರಲಿಲ್ಲ. ಬ್ಯಾಟರಿ ಕೂತುಹೋಗಿದೆ, ಕರೆದುಕೊಂಡು ಹೋಗು ಅಂತ ಕ್ಲೆಮ್‌ಗೆ ಫೋನು ಮಾಡಿದ್ದಳು. ಆ ಬ್ಯಾಟರಿಯನ್ನು ಹೋದ ತಿಂಗಳು ಹಾಕಿಕೊಟ್ಟವನೇ ಅವನು. ಆದರೂ ದಾರಿಯುದ್ದಕ್ಕೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕ್ಲೆಮ್ ಸುಮ್ಮನಿದ್ದಾನೆಂದರೆ ಅವನ ತಲೆಯಲ್ಲಿ ಏನೋ ಓಡುತ್ತಿದೆ ಎಂದೇ ಅರ್ಥ.

ಅವಳ ಲೆಕ್ಕಾಚಾರ ಹೀಗಿತ್ತು: ಮಕ್ಕಳ ಪುಸ್ತಕ ನೋಡಿಯೂ ಚಿತ್ರ ಬರೆಯಲು ಬಾರದಿದ್ದರೆ ಕೀಲಿಯನ್ನು ಕ್ಲೆಮ್ ಕೈಗೆ ಕೊಟ್ಟುಬಿಡುವುದು. ಡಾಕ್ಟರ ಹತ್ತಿರ ಹೋಗಿ, ನನಗೂ ಶುರುವಾಗಿದೆ, ಎಂದು ಹೇಳಿಬಿಡುವುದು.

ಶುರುವಾಗಿದೆ ಎಂದರೆ ಏನು ಅಂತ ಆ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ಏವಿಸ್ ಈಗ ಪೋರ್ಟ್ ಅಗಸ್ಟಾದ ಆರೈಕೆ ಮನೆಯಲ್ಲಿದ್ದಾಳೆ. ಕ್ಲೆಮ್‌ನನ್ನು ಒಮ್ಮೊಮ್ಮೆ ಗಂಡ ಅನ್ನುತ್ತಾಳೆ, ಒಮ್ಮೊಮ್ಮೆ ನಲ್ಲಿ ರಿಪೇರಿಯವನು ಅನ್ನುತ್ತಾಳೆ. ಮೊದಲ ಸಲ ಡಾಕ್ಟರು ಮರೆವಿನ ಪರೀಕ್ಷೆಗೆಂದು ಅವಳ ಮುಂದೆ ಹಾಳೆ ಇಟ್ಟು, ಒಂದು ಗಡಿಯಾರ ಬರೆಯಿರಿ ಎಂದಾಗ ಪಕ್ಕದಲ್ಲೇ ಕೂತಿದ್ದವಳು ಗ್ಲೆನಿಸ್. ಏವಿಸ್ ದುಂಡಗೆ ಚೆನ್ನಾಗಿಯೇ ಸುತ್ತು ಹಾಕಿದಳು. ಆಮೇಲೆ ಅಂಕಿಗಳನ್ನೆಲ್ಲ ಒಂದೇ ಬದಿಗೆ ತುರುಕಿದಳು, ಬಸ್ಸಿನಲ್ಲಿ ನೆರಳಿರುವ ಕಡೆಗೇ ಎಲ್ಲರೂ ನುಗ್ಗಿ ಕೂತ ಹಾಗೆ. ಬರೆದು ಮುಗಿಸಿ, "ಹೆಂಗಿದೆ?" ಎಂದು ತಂಗಿಯ ಮುಖ ನೋಡಿ ಹೆಮ್ಮೆಯಿಂದ ನಕ್ಕಿದ್ದಳು.

ಆ ಗಡಿಯಾರ ಗ್ಲೆನಿಸಳ ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಬಂದು ಹಳೇ ಲಕೋಟೆಗಳ ಬೆನ್ನಿಗೆ ಗಡಿಯಾರ ಬರೆದು ನೋಡಿಕೊಳ್ಳುವುದು ಅಭ್ಯಾಸವಾಯಿತು. ಸರಿಯಾಗಿಯೇ ಬರುತ್ತಿತ್ತು. ಆದರೆ ದಿನಾ ಬರೆದದ್ದೇ ಬರೆದರೆ ಯಾರಿಗೆ ಬರುವುದಿಲ್ಲ? ಅದು ಪರೀಕ್ಷೆಗೆ ಮೊದಲೇ ಪ್ರಶ್ನೆ ತಿಳಿದುಕೊಂಡ ಹಾಗೆ. ಅದಕ್ಕೇ ಅವಳು ಎಂದೂ ಮಾಡದ ಕೆಲಸವೊಂದನ್ನು ಕಲಿಯಬೇಕು, ಚಿತ್ರ ಬರೆಯುವುದನ್ನೇ ಕಲಿಯಬೇಕು ಅಂದುಕೊಂಡದ್ದು. ಯಾರಿಗೂ ಹೇಳಲಿಲ್ಲ.

ಹಸಿರು ರಟ್ಟಿನ ಪುಸ್ತಕವನ್ನು ಆರಿಸಿಕೊಳ್ಳಲು ಕಾರಣವಿತ್ತು. ಹೊಸ ಪುಸ್ತಕಗಳೆಲ್ಲ ಹೆಂಗಸರ ತುಟಿಯಿಂದಲೋ ಕುದುರೆಯ ಕಾಲಿನಿಂದಲೋ ಶುರುವಾಗುತ್ತಿದ್ದವು. ಇದು ಟೀಪಾಟಿನಿಂದ ಶುರುವಾಗುತ್ತಿತ್ತು. ಅವಳ ಮನೆಯಲ್ಲಿ ಕುದುರೆ ಇರಲಿಲ್ಲ, ಟೀಪಾಟು ಇತ್ತು. ಮತ್ತೆ ಇದನ್ನು ಬರೆದವನು ಹಳೇ ಕಾಲದ ಬಿಗಿ ಮೇಷ್ಟರ ಹಾಗೆ ಮಾತಾಡುತ್ತಿದ್ದ. ಪೆನ್ಸಿಲನ್ನು ಚಾಕುವಿನಿಂದಲೇ ಹೆರೆಯಿರಿ. ಬೆನ್ನು ನೆಟ್ಟಗಿರಲಿ. ರಬ್ಬರನ್ನು ದೂರವಿಡಿ. ಗಂಡ ಸತ್ತ ಮೇಲೆ ಗ್ಲೆನಿಸಳಿಗೆ ಹೀಗೆ ಯಾರೂ ಗದರಿಸಿರಲಿಲ್ಲ. ಒಂಥರಾ ಹಿತವಾಗಿತ್ತು.

ಕೆಲಸ ಕೆಟ್ಟದ್ದು ನೆರಳಿನಲ್ಲಿ. ಮೇಷ್ಟರು ಹೇಳಿದಂತೆಯೇ ಕಿಟಕಿಯ ಬಳಿ ಮೇಜು ಹಾಕಿ, ಟೀಪಾಟು ಇಟ್ಟು, ತಿಂಡಿಯಾದ ಮೇಲೆ ಬರೆಯಲು ಕೂತಳು. ನೆರಳು ಅವಳ ಮಡಿಲಿನ ಕಡೆಗೆ ಚಾಚಿತ್ತು. ಹಾಗೇ ಬರೆದಳು. ಬಟ್ಟೆ ಹರವಿ, ಕೋಳಿಗಳಿಗೆ ಕಾಳು ಹಾಕಿ ಬಂದು ನೋಡಿದರೆ ನೆರಳು ಬೇರೆ ಕಡೆಗಿದೆ. ಅಳಿಸಿದಳು, ತಿದ್ದಿದಳು. ಊಟ ಮುಗಿಸಿ ಬಂದರೆ ಅದು ಎದುರು ಗೋಡೆಯ ಕಡೆ ತಿರುಗಿಕೊಂಡಿದೆ. ನಾನೇ ಪಾಟನ್ನು ಸರಿಸಿ ಮರೆತೆನೆ? ಏವಿಸ್ ಹೀಗೆಯೇ ಚಮಚಗಳನ್ನು ಎಲ್ಲೆಲ್ಲೋ ಇಟ್ಟು ಮರೆಯುತ್ತಿದ್ದಳು. ಮಾರನೆಯ ದಿನವೂ ಅದೇ ಆಯಿತು, ಅದರ ಮಾರನೆಯ ದಿನವೂ. ಹಾಳೆ ತೂತಾಗುವವರೆಗೆ ಅಳಿಸಿದಳು. ಹೆದರಿಕೆ ಒಂದು ಸಲ ಒಳಗೆ ಬಂದು ಕೂತರೆ ಬುದ್ಧಿಗೆ ಕೂರಲು ಜಾಗವಿರುವುದಿಲ್ಲ, ನೋಡಿ.

ಬ್ರಿಯೊನಿ ಮೂರು ಪುಸ್ತಕ ತಂದು ಹರಡಿದಳು. ಒಂದರಲ್ಲಿ ಸೊನ್ನೆಯ ಮೇಲೆ ಸೊನ್ನೆ ಕೂರಿಸಿ ಬೆಕ್ಕು ಮಾಡುವುದಿತ್ತು. ಗ್ಲೆನಿಸ್ ಅದರ ಪುಟ ತಿರುವುತ್ತಿದ್ದಾಗ ಕ್ಲೆಮ್ ಆ ಪುಟ್ಟ ಕುರ್ಚಿಯಿಂದ ಎರಡು ಕಂತಿನಲ್ಲಿ ಎದ್ದು ಬಂದು ಹಸಿರು ಪುಸ್ತಕವನ್ನು ಎತ್ತಿಕೊಂಡ.

"ಇದಕ್ಕೇನಾಗಿತ್ತು?"

"ನನಗೆ ಹೊಂದಲಿಲ್ಲ. ಕೆಳಗಿಡು."

ಅವನು ಕನ್ನಡಕ ಹಣೆಯಿಂದ ಇಳಿಸಿ, ಪಾದ್ರಿಯ ದನಿ ಮಾಡಿಕೊಂಡು ಓದತೊಡಗಿದ. "'ನಿಮ್ಮ ಮೇಜನ್ನು ಉತ್ತರದ ಕಿಟಕಿಯ ಬಳಿ ಹಾಕಿ. ಅಲ್ಲಿಯ ಬೆಳಕು ಬೆಳಗಿನಿಂದ ಸಂಜೆಯವರೆಗೆ ಕದಲದು. ನೆರಳು ಬದಲಾದಂತೆ ಕಂಡರೆ, ಬದಲಾದದ್ದು ಬೆಳಕಲ್ಲ, ನಿಮ್ಮ ನೋಟ.'" ಅವನ ಪಾದ್ರಿ ದನಿ ಅಲ್ಲಿಗೆ ಬಿದ್ದುಹೋಯಿತು. "ಉತ್ತರದ ಕಿಟಕಿ? ಯಾವೋನಿವನು?"

"ಯಾಕೆ?" ಎಂದಳು ಬ್ರಿಯೊನಿ.

"ಇವಳ ಮನೆ ಉತ್ತರದ ಕಿಟಕೀಲಿ ಚಳಿಗಾಲದಲ್ಲಿ ಬೆಕ್ಕು ಕೂಡ ಬಿಸಿಲಿನ ಹಿಂದೆ ಹಿಂದೆ ಜರುಗ್ತಾ ಮಲಗತ್ತೆ. ಬೆಳಗ್ಗೆ ಈ ತುದಿ, ಸಂಜೆ ಆ ತುದಿ. ಅಲ್ಲಿ ಬೆಳಕು ಕದಲಲ್ವಂತೆ. ಗ್ಲೆನಿಸ್, ನೀನು ಮೇಜು ಹಾಕಿದ್ದು ಅಲ್ಲೇನಾ?"

ಗ್ಲೆನಿಸ್ ಬೆಕ್ಕಿನ ಚಿತ್ರದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. "ಪುಸ್ತಕದಲ್ಲಿ ಹಾಗಿತ್ತಲ್ಲ," ಎಂದಳು.

ಬ್ರಿಯೊನಿ ಪುಸ್ತಕವನ್ನು ಕ್ಲೆಮ್ ಕೈಯಿಂದ ತೆಗೆದುಕೊಂಡು ಮೊದಲ ಪುಟ ನೋಡಿದಳು. "ಲಂಡನ್‌ನಲ್ಲಿ ಅಚ್ಚಾಗಿದ್ದು," ಎಂದಳು. ಪುಸ್ತಕ ಮುಚ್ಚಿ, "ಅಲ್ಲಿ ಸೂರ್ಯ ಮನೆಯ ದಕ್ಷಿಣದ ಕಡೆ ಓಡಾಡ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ, ಅದಕ್ಕೇ ನೆರಳೂ ಕದಲಲ್ಲ. ನಾವಿರೋದು ಭೂಮಿಯ ಕೆಳಗಿನ ಅರ್ಧದಲ್ಲಿ, ನಮ್ಮಲ್ಲಿ ಪೂರ್ತಿ ಉಲ್ಟಾ, ಸೂರ್ಯ ಉತ್ತರದ ಕಡೆ ಅಲ್ವಾ ಗ್ಲೆನಿಸ್," ಎಂದಳು.

"ಅಂದ್ರೆ ನೆರಳು ನಿಜವಾಗ್ಲೂ ಸರೀತಿತ್ತು."

"ಸರಿಯದೆ ಇನ್ನೇನು ಮಾಡತ್ತೆ? ಬಿಸಿಲಲ್ವಾ?"

"ಪಾಟನ್ನ ನಾನು ಮುಟ್ಟಿರಲಿಲ್ಲ."

"ಯಾವ ಪಾಟು?" ಎಂದ ಕ್ಲೆಮ್.

ಗ್ಲೆನಿಸ್ ಹತ್ತಿರವಿದ್ದ ಪುಟ್ಟ ಕುರ್ಚಿಯೊಂದರಲ್ಲಿ ಕೂತಳು. ಕೂತಲ್ಲೇ ನಗತೊಡಗಿದಳು. "ನನ್ನ ಬಟ್ಟೆ ತಂತಿ ಇರೋದು ಮನೆಯ ಉತ್ತರಕ್ಕೆ," ಎಂದಳು. "ಮದುವೆಯಾಗಿ ಬಂದ ವರ್ಷ ನಾನೇ ನಿಂತು ಹಾಕಿಸಿದ್ದು. ಬಿಸಿಲು ಅಲ್ಲೇ ಬರೋದು ಅಂತ ಗಂಡನ ಹತ್ತಿರ ಜಗಳ ಆಡಿ ಹಾಕಿಸಿದ್ದು. ನೆರಳು ಕದಲಲ್ಲ ಅಂತ ಓದ್ಕೊಂಡು, ಬಟ್ಟೆ ಒಣಗಿಸೋಕೆ ಹೊರಗೆ ಹೋಗ್ತಿದ್ದೆ ಕಣೋ. ಬಿಸಿಲಿಗೆ."

ನಗು ನಿಂತ ಮೇಲೆ ಮಿಕ್ಕದ್ದನ್ನೂ ಹೇಳಿದಳು. ಗಡಿಯಾರ, ಲಕೋಟೆಗಳು, ತೂತಾದ ಹಾಳೆ. ಕೀಲಿಯನ್ನು ಜೇಬಿನಿಂದ ತೆಗೆದು ಬೆಕ್ಕಿನ ಪುಸ್ತಕದ ಮೇಲಿಟ್ಟಳು. "ಇದನ್ನ ನಿನಗೆ ಕೊಡೋಣ ಅಂತ ಬಂದಿದ್ದೆ. ಬ್ಯಾಟರಿಗೇನೂ ಆಗಿಲ್ಲ."

"ಗೊತ್ತು," ಎಂದ ಕ್ಲೆಮ್. ಬ್ರಿಯೊನಿ ಯಾವುದೋ ಪುಸ್ತಕ ಇಡುವ ನೆಪದಲ್ಲಿ ಕಪಾಟುಗಳ ಹಿಂದೆ ಹೋದಳು. ಕ್ಲೆಮ್ ಎದುರು ಕುರ್ಚಿಯಲ್ಲಿ ಮತ್ತೆ ಕಷ್ಟಪಟ್ಟು ಕೂತ.

"ಏವಿಸ್ ಒಂದು ದಿನಾನೂ ಹೆದರಲಿಲ್ಲ ಕಣೆ. ಚಮಚ ಎಲ್ಲಿ ಅಂದ್ರೆ, ನೀನೇ ಕದ್ದೆ ಅಂತ ನನ್ನ ಮೇಲೆ ಬೀಳ್ತಿದ್ಲು. ಅವಳ ಪಾಲಿಗೆ ತಪ್ಪೆಲ್ಲ ಬೇರೆಯವರದ್ದು. ನೀನು ನೋಡಿದ್ರೆ ಸೂರ್ಯನ ತಪ್ಪನ್ನೂ ತಲೆ ಮೇಲೆ ಹೊತ್ಕೊಂಡಿದೀಯ." ಕೀಲಿಯನ್ನು ಅವಳ ಕಡೆಗೆ ನೂಕಿದ. "ಡಾಕ್ಟರ ಹತ್ತಿರ ಹೋಗ್ಬೇಕು ಅನ್ಸಿದ್ರೆ ಹೋಗು, ನಾನೂ ಬರ್ತೀನಿ. ಆದ್ರೆ ಡ್ರೈವ್ ನೀನೇ ಮಾಡ್ಬೇಕು. ಊರೆಲ್ಲ ಓಡಾಡಿಸೋಕೆ ನಾನೇನು ನಿನ್ನ ಡ್ರೈವರ್ರಾ?"

"ಮೊದಲು ಮೂಗು ಒರೆಸ್ಕೋ," ಎಂದಳು ಗ್ಲೆನಿಸ್.

"ಹೀಟರಿನ ಬಿಸಿಗೆ ಹಂಗಾಗತ್ತೆ."

ಬ್ರಿಯೊನಿ ತಿರುಗಿ ಬಂದು, "ಹಾಗಾದ್ರೆ ಯಾವುದು ಕೊಡ್ಲಿ?" ಎಂದಳು. ಗ್ಲೆನಿಸ್ ಮೂರು ಪುಸ್ತಕಗಳನ್ನೂ ನೋಡಿದಳು. ಆಮೇಲೆ ಹಸಿರು ರಟ್ಟಿನದ್ದನ್ನೇ ಎಳೆದುಕೊಂಡಳು. "ಮೇಷ್ಟರು ಒಳ್ಳೆಯವರೇ. ಈ ಕಡೆಗೆ ಬಂದಿಲ್ಲ, ಅಷ್ಟೇ." ಉತ್ತರ ಎಂದಿರುವ ಕಡೆ ದಕ್ಷಿಣ ಎಂದು ಓದಿಕೊಳ್ಳತಕ್ಕದ್ದು, ಅಂತ ಬ್ರಿಯೊನಿ ಹಳದಿ ಚೀಟಿಯೊಂದರಲ್ಲಿ ಬರೆದು ಆ ಪುಟಕ್ಕೆ ಅಂಟಿಸಿದಳು.

ಕ್ಲೆಮ್ ಬೆಕ್ಕಿನ ಪುಸ್ತಕವನ್ನು ತನ್ನ ಕಾರ್ಡಿನ ಜೊತೆ ಮುಂದಿಟ್ಟ. ಗ್ಲೆನಿಸ್ ಹುಬ್ಬೇರಿಸಿದಳು.

"ಏವಿಸ್‌ಗೆ," ಎಂದ. "ಸೊನ್ನೆ ಈಗ್ಲೂ ಚೆನ್ನಾಗಿ ಹಾಕ್ತಾಳೆ."

ಗ್ಲೆನಿಸಳ ಮನೆಯ ದಕ್ಷಿಣಕ್ಕಿರುವುದು ಬಟ್ಟೆ ಒಗೆಯುವ ಕೋಣೆ. ಚಳಿಗಾಲದಲ್ಲಿ ಅಲ್ಲಿ ಬೆಣ್ಣೆ ಇಟ್ಟರೂ ಕರಗುವುದಿಲ್ಲ. ಮನೆಗೆ ಬಂದವರೇ ಗ್ಲೆನಿಸ್, ಕ್ಲೆಮ್ ಇಬ್ಬರೂ ಸೇರಿ ಮೇಜನ್ನು ಅಡ್ಡ ಮಾಡಿ, ಬಾಗಿಲ ಚೌಕಟ್ಟಿಗೆ ಎರಡು ಕಡೆ ಗೀರಿ ಒಳಗೆ ಸಾಗಿಸಿದರು. ಗ್ಲೆನಿಸ್ ಟೀಪಾಟು ತಂದು ಇಟ್ಟಳು.

"ಹಾಗಾದ್ರೆ ನನಗೆ ಟೀ ಯಾವುದ್ರಲ್ಲಿ?"

"ಕಪ್ಪಿನಲ್ಲಿ ಪೊಟ್ಟಣ ಅದ್ದಿಕೋ. ಪಾಟು ಕೆಲಸದಲ್ಲಿದೆ."

ಅವನು ಹೋದ ಮೇಲೆ ಅವಳು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿ, ಉಣ್ಣೆ ಟೋಪಿ ಇಟ್ಟುಕೊಂಡು, ಪೆನ್ಸಿಲನ್ನು ಚಾಕುವಿನಿಂದ ಹೆರೆದು ಕೂತಳು. ಇಲ್ಲಿ ನೆರಳು ಗಾಢವಾಗಿರಲಿಲ್ಲ. ಬೂದಿ ಬಣ್ಣದ್ದು, ಅಂಚು ಮೆತ್ತಗೆ. ಪಾಟಿನ ಬಲಕ್ಕೆ ಒರಗಿಕೊಂಡಿತ್ತು. ಅದನ್ನು ಹಾಗೇ ಹಾಳೆಯ ಮೇಲೆ ಇಳಿಸಿದಳು. ಹಿಡಿಕೆ ಒಂದಿಷ್ಟು ದಪ್ಪವಾಯಿತು, ಪಾಟು ಕಿವಿ ನೋವು ಬಂದವನ ಹಾಗೆ ಕಂಡಿತು. ಇರಲಿ.

ಆಮೇಲೆ ಎದ್ದು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಒಣಗಿದ ಬಟ್ಟೆ ತೆಗೆಯಲು ಉತ್ತರದ ಅಂಗಳಕ್ಕೆ ಹೋದಳು. ಬಿಸಿಲು ಬೇಲಿಯ ಕಡೆಗೆ ಸಾಗಿತ್ತು. ಅವಳದ್ದೇ ನೆರಳು ಉದ್ದವಾಗಿ ಕೋಳಿಗೂಡಿನ ಮೇಲೆ ಬಿದ್ದಿತ್ತು. ಬೇಕೆಂತಲೇ ನಿಧಾನ ಮಾಡಿದಳು. ಒಂದೊಂದು ದಿಂಬಿನ ಚೀಲವನ್ನೂ ಎರಡೆರಡು ಸಲ ಮಡಿಸಿದಳು, ಬೇಲಿಯಾಚೆಯ ಹಾರ್ವಿಯ ಹತ್ತಿರ ಮೂಲಂಗಿಯ ವಿಚಾರ ಮಾತಾಡಿದಳು. ಕೊನೆಗೆ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ಬಂದು, ಕೋಣೆಯ ಹೊಸಿಲಲ್ಲಿ ನಿಂತು ಕತ್ತು ಚಾಚಿ ನೋಡಿದಳು.

ನೆರಳು ಅವಳು ಬಿಟ್ಟು ಹೋದಲ್ಲೇ, ಪಾಟಿಗೆ ಒರಗಿಕೊಂಡು ಕೂತಿತ್ತು.