ಊರು ಸೇರದ ನಾವಿಕ

ಬಾನುಲಿ ನಾಟಕದ ಹಸ್ತಪ್ರತಿಯನ್ನು ನಾಟಕಕಾರರ ಮೇಜಿನ ಮೇಲೆ ಕುಕ್ಕಿ, ಅವರ ಭಾವಮೈದುನ ಮುಖ ಊದಿಸಿಕೊಂಡು ಕೂತ.

“ಏಳನೇ ಕಂತಿನಲ್ಲೇ ನನ್ನನ್ನ ಸಾಯಿಸಿಬಿಟ್ರಲ್ಲ ಭಾವ! ಇನ್ನೂ ಮೂರು ಕಂತು ಬಾಕಿ ಇದೆ.”

“ನಾನೆಲ್ಲಿ ಸಾಯಿಸಿದೆ? ಮ್ಯಾಗೆಲನ್ ಸತ್ತದ್ದೇ ಅರ್ಧ ದಾರಿಯಲ್ಲಿ. ಯಾವುದೋ ದ್ವೀಪದವರ ಜಗಳಕ್ಕೆ ತಲೆಹಾಕಿ ಪ್ರಾಣ ಕಳ್ಕೊಂಡ.”

“ಭೂಮಿ ಸುತ್ತಿದ ಮೊದಲಿಗ ಅವನೇ ಅಂತ ಶಾಲೇಲಿ ಓದಿಲ್ವಾ?”

“ಓದಿದ್ದೀವಿ. ಅದಕ್ಕೇ ಈ ನಾಟಕ ಬರೆದದ್ದು.”

ನಾಟಕಕಾರರಿಗೆ ಎಪ್ಪತ್ತು ದಾಟಿತ್ತು. ಇದೇ ತಮ್ಮ ಕೊನೆಯ ನಾಟಕವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಕೇಳುಗರ ತಲೆಯಿಂದ ಆ ಒಂದು ಸುಳ್ಳನ್ನಾದರೂ ಕಿತ್ತುಹಾಕಬೇಕೆಂಬುದು ಅವರ ಹಟ. ಮ್ಯಾಗೆಲನ್ ಹೊರಟದ್ದು ಪಡುವಣ ದಾರಿಯಿಂದ ಲವಂಗದ ದ್ವೀಪಗಳನ್ನು ಮುಟ್ಟಲಿಕ್ಕೆ. ಭೂಮಿ ಸುತ್ತುವುದು ಅವನ ಲೆಕ್ಕದಲ್ಲೇ ಇರಲಿಲ್ಲ. ಉಳಿದ ಒಂದೇ ಹಡಗನ್ನು ಊರು ಮುಟ್ಟಿಸಿದವನು ಎಲ್ಕಾನೊ ಎಂಬ, ಯಾರ ನಾಲಿಗೆಗೂ ಹತ್ತದ ಮತ್ತೊಬ್ಬ. ಮ್ಯಾಗೆಲನ್ನನ ಸಾವನ್ನು ನಾಟಕಕಾರರು ಅಲೆ ಹಿಂದೆಗೆಯುವ ಲಯದಲ್ಲಿ ಬರೆದಿದ್ದರು.

ಭಾವಮೈದುನನ ಸಂಕಟ ಬೇರೆ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದರೂ, ಆ ಗಂಟಲಿಗೆ ಇಷ್ಟು ವರ್ಷ ದಕ್ಕಿದ್ದು ಕಾವಲುಗಾರ, ಸಾಕ್ಷಿದಾರ, ಗುಂಪಿನಲ್ಲೊಬ್ಬ. ನಾಯಕನ ಪಾತ್ರ ಇದೇ ಮೊದಲು.

“ಕೊನೇ ಕಂತಲ್ಲಿ ಹಡಗು ದಡ ಸೇರುವಾಗ ಎಲ್ಕಾನೊ ಆಡೋ ಮಾತನ್ನ ಅಕ್ಕನ ಮುಂದೆ ಹೇಳಿ ತೋರಿಸಿದೆ. ಅತ್ತುಬಿಟ್ಲು.”

“ನಿನ್ನಕ್ಕ ಈರುಳ್ಳಿ ಹೆಚ್ಚುತ್ತಾ ಇದ್ಲು.”

ಅವನು ನಗಲಿಲ್ಲ. ಆ ಮುಖ ನೋಡಲಾರದೆ ನಾಟಕಕಾರರೇ ಸೋತರು. “ಆಯ್ತಪ್ಪಾ, ಎಲ್ಕಾನೊ ಪಾತ್ರಾನೂ ನೀನೇ ಮಾಡು. ಆದ್ರೆ ಅವನು ಬೇರೆ ಆಳು, ದನಿ ಬೇರೆ ಇರಬೇಕು.”

ರೆಕಾರ್ಡಿಂಗಿನಲ್ಲಿ ನಾಟಕಕಾರರು ಗೋಗರೆದದ್ದೂ ಆಯಿತು, ಗದರಿದ್ದೂ ಆಯಿತು. ಗುಡುಗಿಗೆ ಇದ್ದದ್ದು ಒಂದೇ ದನಿ. ಕೊನೆಗೆ ನಾಟಕಕಾರರು ಉಳಿದ ಕಂತುಗಳಲ್ಲಿ ಸಿಕ್ಕಸಿಕ್ಕಲ್ಲೆಲ್ಲ ಎಲ್ಕಾನೊನ ಹೆಸರನ್ನು ತುರುಕಿದರು. ಸಾಲುಗಳ ಲಯ ಮುಕ್ಕಾಗುವುದನ್ನು ಹಲ್ಲುಕಚ್ಚಿ ಸಹಿಸಿದರು.

ಕೊನೆಯ ಕಂತು ಪ್ರಸಾರವಾದ ಮರುದಿನ ಬೆಳಿಗ್ಗೆ, ಕ್ಷೌರಿಕ ಅವರ ಕೆನ್ನೆಗೆ ನೊರೆ ಹಚ್ಚುತ್ತಾ ಮಾತಿಗಿಳಿದ.

“ಎಂಥಾ ಹೆದರಿಸಿದ್ರಿ ಸಾರ್! ಸತ್ತೇಹೋದ ಅಂದ್ಕೊಂಡಿದ್ವಿ. ಮುಂದಿನ ವಾರ ಅದೇ ದನಿ ಕೇಳ್ತಲ್ಲ, ನಮ್ಮನೇಲಿ ಒಂದೇ ಚಪ್ಪಾಳೆ.”

“ಅವನು ಬೇರೆ ಕಣಯ್ಯಾ, ಎಲ್ಕಾನೊ! ಎಷ್ಟು ಸಲ ಹೆಸರು ಹೇಳಿಸಿದ್ದೀನಿ!”

“ಅದು ಶತ್ರುಗಳಿಗೆ ಗೊತ್ತಾಗಬಾರದು ಅಂತ ಇಟ್ಕೊಂಡ ಹೆಸರಲ್ವಾ? ನಮಗೆ ಮೊದಲೇ ಗೊತ್ತಾಯ್ತು ಬಿಡಿ.”

“ಭೂಮಿ ಸುತ್ತಿ ಬಂದವನು ಮ್ಯಾಗೆಲನ್ನೇ ತಾನೆ?” ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿ ಕೇಳಿದ. “ನಮಗೂ ಶಾಲೇಲಿ ಹಾಗೇ ಹೇಳಿಕೊಟ್ಟಿದ್ರು.”

“ಅವನೇ ಮತ್ತೆ! ಬರೆದೋರೇ ಇಲ್ಲಿ ಕೂತಿದ್ದಾರೆ, ಕೇಳಿ ಬೇಕಾದ್ರೆ.”

ನಾಟಕಕಾರರು ಕುರ್ಚಿಯಿಂದ ಅರ್ಧ ಎದ್ದು ಬಾಯಿ ತೆರೆದರು.

“ಅಲ್ಲಾಡಬೇಡಿ ಸಾರ್.” ಕ್ಷೌರಿಕ ಅವರ ಹಣೆಯನ್ನು ಹಿಂದಕ್ಕೊತ್ತಿ, ಕತ್ತಿಯನ್ನು ಗಂಟಲಿನ ಮೇಲಿಟ್ಟು, ದರ್ಜಿಯ ಕಡೆ ತಿರುಗಿ ಕಥೆಯನ್ನು ಮೊದಲಿನಿಂದ ಹೇಳತೊಡಗಿದ.